ಒಡೆಸ್ಸಾಳ ಮೊಣಕೈ

ಜನವರಿ ೭, ೧೯೫೧. ಭಾನುವಾರ

ಇವತ್ತೂ ಸೀಮೆಸುಣ್ಣದ ಗೆರೆ ಹಿಂದಕ್ಕೆ ಸರಿದಿದೆ. ಇದು ಮೂರನೆಯ ಸಲ.

ಈ ಪುಸ್ತಕ ಕೊಂಡಿದ್ದೇ ಇದಕ್ಕಾಗಿ. ಮುಂದೆ ಪಾದ್ರಿಗಳ ಎದುರು ಮಾತು ಬಂದರೆ ತಾರೀಖು ಸಮೇತ ತೋರಿಸಬಹುದು, ಆಗ ಯಾರೂ ನನ್ನ ಬಾಯಿ ಮುಚ್ಚಿಸಲಾರರು. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಮ್ಮ ಚರ್ಚಿನ ಭಾನುವಾರದ ಆರಾಧನೆ ಡೆಟ್ರಾಯಿಟ್ ರೇಡಿಯೋದಲ್ಲಿ ಹತ್ತೊಂಬತ್ತು ವರ್ಷದಿಂದ ಬರುತ್ತಿದೆ. ಹತ್ತೊಂಬತ್ತು ವರ್ಷದಿಂದಲೂ ಗಾಯಕವೃಂದದ ಮುಂದೆ ನಿಂತು ಹಾಡು ಎತ್ತಿಕೊಳ್ಳುವವಳು ನಾನು, ಅರ್ಡೀಲಿಯಾ ಸ್ಟೋಕ್ಸ್. ಮೈಕು ಇರುವುದು ಒಂದೇ. ಯಾರು ಎಷ್ಟು ದೂರ ನಿಲ್ಲಬೇಕು ಎನ್ನುವುದಕ್ಕೆ ನೆಲದ ಮೇಲೆ ಗೆರೆಗಳಿವೆ. ಹತ್ತಿರ ನಿಂತವರ ದನಿ ಮನೆಮನೆಗೆ ಮುಟ್ಟುತ್ತದೆ, ದೂರ ನಿಂತವರದು ಗುಂಪಿನಲ್ಲಿ ಕರಗಿ ಹೋಗುತ್ತದೆ. ನನ್ನ ಗೆರೆ ಮೈಕಿನಿಂದ ಇಪ್ಪತ್ತೆರಡು ಅಂಗುಲ ಇರುತ್ತಿತ್ತು. ಇವತ್ತು ಆರಾಧನೆ ಮುಗಿದ ಮೇಲೆ ಹೊಲಿಗೆಯ ಟೇಪು ತೆಗೆದು ಅಳೆದೆ. ಮೂವತ್ತೊಂದು!

ಗೆರೆ ಎಳೆಯುವವನು ರೇಡಿಯೋದ ಡೌಡ್. ಅವನಿಗೆ ನನ್ನ ಮೇಲೆ ಏನೂ ಇಲ್ಲ. ಆದರೆ ಅವನ ಕಿವಿ ಕಚ್ಚುತ್ತಿರುವವರು ಯಾರು?

ಹೆಸರು ಬರೆದೇಬಿಡುತ್ತೇನೆ. ಒಡೆಸ್ಸಾ ಟ್ರಿಂಬಲ್. ನನ್ನ ಎಡಗಡೆ ನಿಲ್ಲುವವಳು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ, ವಯಸ್ಸು ಮೂವತ್ತೆಂಟು. ದನಿ ಚೆನ್ನಾಗಿದೆ, ಅದನ್ನು ತಿದ್ದಿದವಳು ನಾನೇ. ಈಗ ಕಲಿಸಿದವಳ ಜಾಗದ ಮೇಲೆಯೇ ಕಣ್ಣು. ಎದುರಿಗೆ ಬೆಣ್ಣೆಯಂತೆ ಮಾತು, ಹಾಡುವಾಗ ಮಾತ್ರ ನಾನು ಎತ್ತಿಕೊಳ್ಳುವ ಹೊತ್ತಿಗೆ ಸರಿಯಾಗಿ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಾಳೆ. ಬೇಕೆಂದೇ. ನಾನು ಬೆಚ್ಚಿ ತಪ್ಪಲಿ ಎಂದು. ಇಷ್ಟು ದಿನದಲ್ಲಿ ಒಮ್ಮೆಯೂ ತಪ್ಪಿಲ್ಲ, ಅದು ದೇವರ ದಯೆ.

ಜನವರಿ ೧೧, ಗುರುವಾರ

ಅಭ್ಯಾಸದ ದಿನ. ಬಾಗಿಲಲ್ಲೇ ಕ್ಲಿಯೋಫಸ್ ಯಾನ್ಸಿ ತಗಲಿಕೊಂಡ. ಪಿಯಾನೋ ನುಡಿಸುವವನು, ಗಾಯಕವೃಂದವನ್ನು ನಡೆಸುವವನು ಅವನೇ.

"ಸಿಸ್ಟರ್ ಸ್ಟೋಕ್ಸ್, ಮೂರು ಸಲ ಫೋನ್ ಮಾಡ್ದೆ, ಎತ್ಲೇ ಇಲ್ವಲ್ಲ?"

"ಬೆಳಗಿಂದ ಫೋನಿನ ಪಕ್ಕದಲ್ಲೇ ಕೂತು ಹೊಲೀತಿದ್ದೆ. ಸುಳ್ಳು ಹೇಳೋದಾದ್ರೂ ಸ್ವಲ್ಪ ನಂಬೋ ಹಾಗೆ ಹೇಳಪ್ಪ."

ಅವನು ಪಕ್ಕದಲ್ಲಿ ನಿಂತಿದ್ದ ಒಡೆಸ್ಸಾಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ನಾನು ಇಬ್ಬರನ್ನೂ ನೋಡಿದೆ.

ಫೋನು ಯಾಕೆ ಎಂದರೆ, ದೊಡ್ಡ ಸುದ್ದಿ. ಈ ಸಲದ ಈಸ್ಟರ್ ಆರಾಧನೆಯನ್ನು ಹನ್ನೊಂದು ಊರಿನ ರೇಡಿಯೋಗಳು ಒಟ್ಟಿಗೆ ಪ್ರಸಾರ ಮಾಡುತ್ತವಂತೆ. ಮೇಕನ್ ಕೂಡ ಅದರಲ್ಲಿದೆ. ಜಾರ್ಜಿಯಾದ ನಮ್ಮ ಮೇಕನ್! ಅಲ್ಲಿ ನನ್ನ ತಂಗಿ ಲೂಟಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ಎರಡು ವರ್ಷವಾಯಿತು. ನಾನು ಉತ್ತರಕ್ಕೆ ಬಂದದ್ದು ೧೯೨೩ರಲ್ಲಿ, ಅಂದಿನಿಂದ ಅವಳು ನನ್ನ ಹಾಡು ಕೇಳಿಲ್ಲ. ಈಸ್ಟರಿನಲ್ಲಿ ನಾವು ಹಾಡುವುದು ನಮ್ಮಮ್ಮನ ಕಲ್ಲಿನ ಹಾಡು, ಕರ್ತನ ಸಮಾಧಿಯ ಬಾಗಿಲ ಕಲ್ಲನ್ನು ಸರಿಸುವವರು ಯಾರು ಎಂದು ಹೆಂಗಸರು ದಾರಿಯುದ್ದಕ್ಕೂ ಚಿಂತಿಸುತ್ತಾ ಹೋಗುವ ಹಾಡು. ಯಾವ ಪುಸ್ತಕದಲ್ಲೂ ಇಲ್ಲ. ಅಮ್ಮ ಬಟ್ಟೆ ಒಗೆಯುತ್ತಾ ಹಾಡುತ್ತಿದ್ದುದನ್ನು ನಾನು ಇಲ್ಲಿಗೆ ತಂದೆ.

ಮುಂದೆ ನಿಂತು ಹಾಡುವವರು ಯಾರು ಎಂದು ಕ್ಲಿಯೋಫಸ್ ಹೇಳಲಿಲ್ಲ. ಹತ್ತೊಂಬತ್ತು ವರ್ಷ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಈ ಸಲ ಹೇಳಬೇಕಿತ್ತು.

ಜನವರಿ ೧೮, ಗುರುವಾರ

ಕಲ್ಲಿನ ಹಾಡಿನ ಅಭ್ಯಾಸ. ಮೊದಲು ನಲವತ್ತು ಜನ ಬಾಯಿ ಮುಚ್ಚಿಕೊಂಡು ಎರಡು ಸುತ್ತು ಗುನುಗಬೇಕು, ಆಮೇಲೆ ನಾನು ಎತ್ತಿಕೊಳ್ಳಬೇಕು. ಈ ಜನ ಎಷ್ಟು ಸೋಮಾರಿಗಳಾಗಿದ್ದಾರೆ ಎಂದರೆ ಗುನುಗುವುದೇ ಇಲ್ಲ! ಬಾಯಿ ಮುಚ್ಚಿ, ತಲೆ ತೂಗುತ್ತಾ, ಹಾಡಿದ ಹಾಗೆ ನಟಿಸುತ್ತಾರೆ. ನಾನು ಕೈ ಎತ್ತಿ ನಿಲ್ಲಿಸಿದೆ.

"ಬ್ರದರ್ ಯಾನ್ಸಿ, ಇವರಿಗೆ ಗಂಟಲು ಕೊಟ್ಟಿರೋದು ಯಾಕೆ? ಒಬ್ಬರೂ ಗುನುಗ್ತಾ ಇಲ್ಲ."

ಕ್ಲಿಯೋಫಸ್ ಪಿಯಾನೋದ ಮುಚ್ಚಳ ಸವರುತ್ತಾ, "ಇನ್ನೂ ಸ್ವಲ್ಪ ಜೋರಾಗಿ, ಎಲ್ಲಾರೂ," ಎಂದ. ಮತ್ತೆ ಮೊದಲಿನ ಹಾಗೆಯೇ. ಸಾಲದ್ದಕ್ಕೆ ಒಡೆಸ್ಸಾ ಬಂದು ನನ್ನ ತೋಳಿಗೆ ತೋಳು ಒತ್ತಿ ನಿಂತಳು, ಬಸ್ಸಿನಲ್ಲಿ ಜಾಗ ಹಿಡಿಯುವವರ ಹಾಗೆ. ಅವಳೊಬ್ಬಳು ಗುನುಗುತ್ತಿದ್ದಳು ಎಂದು ಕಾಣುತ್ತದೆ, ಆ ಗುಂಯ್ ಎನ್ನುವ ನಡುಕ ನನ್ನ ಭುಜದ ಮೂಳೆಯವರೆಗೂ ಬಂತು. ಅಸಹ್ಯ. ಸರಿದು ನಿಂತರೆ ಅವಳೂ ಸರಿಯುತ್ತಾಳೆ.

ಎರಡು ಸುತ್ತು ಮುಗಿಯಿತು, ತಿವಿದಳು, ನಾನು ಎತ್ತಿಕೊಂಡೆ. ಚೆನ್ನಾಗಿ ಬಂತು. ಬರದೆ ಏನು.

ಜನವರಿ ೩೦

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟ ಮೇಲೆ ಎಷ್ಟು ಮೃದುವಾಗಿ ಓಡುತ್ತಿದೆ ಎಂದರೆ ಓಡುತ್ತಿರುವುದೇ ತಿಳಿಯುವುದಿಲ್ಲ. ಇಷ್ಟಾದರೂ ಒಂದು ಒಳ್ಳೆಯದು. ಕೆಟಲಿನ ಸೀಟಿ ಮಾತ್ರ ಸತ್ತಿದೆ. ನೀರೆಲ್ಲಾ ಆವಿಯಾಗಿ ತಳ ಕರಿ ಹಿಡಿಯಿತು. ಯುದ್ಧವಾದ ಮೇಲೆ ಗಟ್ಟಿಯಾದ ಸಾಮಾನು ಮಾಡುವುದನ್ನೇ ಬಿಟ್ಟಿದ್ದಾರೆ. ಯುದ್ಧದ ಮೂರು ವರ್ಷ ನಾನೇ ಕಾರ್ಖಾನೆಯಲ್ಲಿ ವಿಮಾನದ ರೆಕ್ಕೆಗಳಿಗೆ ರಿವೆಟ್ ಮೊಳೆ ಹೊಡೆದವಳು, ಗಟ್ಟಿ ಕೆಲಸ ಅಂದರೆ ಏನೆಂದು ನನಗೆ ಗೊತ್ತು. ಆ ಗಲಾಟೆಯಲ್ಲಿ ನಿಂತುಕೊಂಡೇ ನಾನು ಹಾಡು ಅಭ್ಯಾಸ ಮಾಡುತ್ತಿದ್ದೆ.

ಫೆಬ್ರವರಿ ೪, ಭಾನುವಾರ

ಮೂವತ್ತಾರು ಅಂಗುಲ. ಇನ್ನು ಸುಮ್ಮನಿರಲಾರೆ ಎಂದು ಡೌಡ್‌ನನ್ನು ಹಿಡಿದುಕೊಂಡೆ.

"ಏನಪ್ಪಾ, ಮುಂದಿನ ತಿಂಗಳು ನನ್ನ ಬೀದಿಯಲ್ಲಿ ನಿಲ್ಲಿಸ್ತೀಯಾ?"

ಅವನು ದನಿ ಅಳೆಯುವ ಪೆಟ್ಟಿಗೆಯ ಮೇಲಿನ ಮುಳ್ಳು ತೋರಿಸಿದ. "ನೀವು ಹಾಡಿದಾಗ ಈ ಮುಳ್ಳು ಕೆಂಪಿಗೆ ಹೋಗಿ ಬಡಿಯತ್ತೆ ಮೇಡಂ. ನಾನೇನ್ ಮಾಡ್ಲಿ? ಹಿಂದೆ ನಿಲ್ಲಿಸ್ದೇ ಇದ್ರೆ ಕೇಳೋರ ರೇಡಿಯೋ ಒಡೆದುಹೋಗತ್ತೆ."

"ಹತ್ತೊಂಬತ್ತು ವರ್ಷ ಬಡೀದ ಮುಳ್ಳು ಈಗ ಬಡೀತಾ? ಮುಳ್ಳು ಯಾರ ಮಾತು ಕೇಳತ್ತೆ ಅಂತ ನಂಗೂ ಗೊತ್ತು."

ಅವನು ಕೆಂಪಗಾದ. ಹೋದ ವಾರದ ಆರಾಧನೆಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಅಚ್ಚು ಮಾಡಿದ್ದಾರಂತೆ, ಮನೆಗೆ ಒಯ್ದು ನೀವೇ ಕೇಳಿ ನೋಡಿ ಎಂದು ಕೊಟ್ಟ. ಸಾಕ್ಷಿಯನ್ನು ತಾನಾಗಿ ನನ್ನ ಕೈಗೆ ಕೊಟ್ಟ, ಪೆದ್ದ.

ಫೆಬ್ರವರಿ ೫

ಖಾಲಿ ತಟ್ಟೆ. ನನ್ನ ಕಣ್ಣಿಗೆ ಮಣ್ಣೆರಚಲು ಖಾಲಿ ತಟ್ಟೆ ಕೊಟ್ಟಿದ್ದಾನೆ! ಗ್ರಾಮಫೋನಿಗೆ ಹಾಕಿದರೆ ಎಲ್ಲೋ ದೂರದಲ್ಲಿ ಬಾವಿಯೊಳಗೆ ಯಾರೋ ಮಾತಾಡಿದ ಹಾಗೆ. ದನಿಯ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ. ಆಗ ಸ್ವಲ್ಪ ಸುಳಿವು ಸಿಕ್ಕಿತು, ಕ್ಲಿಯೋಫಸನ ಎಡಗೈಯ ದಪ್ಪ ಸ್ವರಗಳು. ನನ್ನ ದನಿ ಎಲ್ಲಿ?

ಅಷ್ಟರಲ್ಲಿ ನೆಲ ಅದುರಿತು. ಕೆಳಗಿನ ಮನೆಯ ಮಿಸೆಸ್ ಮೇಬ್ರಿ ಪೊರಕೆಯ ಕೋಲಿನಿಂದ ಕುಟ್ಟುತ್ತಿದ್ದಳು. ಆಮೇಲೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು.

"ಅಯ್ಯೋ ನನ್ನ ತಾಯಿ, ಸತ್ತವರು ಎದ್ದು ಬರೋದು ಈಸ್ಟರಿಗೆ, ಇವತ್ತೇ ಎಬ್ಬಿಸ್ತಿದ್ದೀರಲ್ಲ! ನನ್ನ ಗಾಜಿನ ಲೋಟಗಳು ಕುಣೀತಿವೆ."

ಪಿಸುಗುಟ್ಟುವ ತಟ್ಟೆಗೆ ಕುಣಿಯುವ ಲೋಟಗಳು! ಇವಳನ್ನೂ ಅವರು ಬುಟ್ಟಿಗೆ ಹಾಕಿಕೊಂಡಿದ್ದಾರೆ. ಒಡೆಸ್ಸಾ ಕಳೆದ ವಾರ ಇವಳಿಗೆ ಸಿಹಿಗೆಣಸಿನ ಪೈ ಕೊಟ್ಟು ಹೋಗಿದ್ದನ್ನು ಕಿಟಕಿಯಿಂದ ನೋಡಿದ್ದೇನೆ. ಬಾಗಿಲು ಹಾಕಿದೆ. ಹಾಕಿದ ಮೇಲೆ ಅತ್ತುಬಿಟ್ಟೆ, ಯಾಕೆಂದು ತಿಳಿಯದು. ಇಡೀ ಬೀದಿಯೇ ನನ್ನ ವಿರುದ್ಧ ನಿಂತರೆ ಒಬ್ಬಳು ಮುದುಕಿ ಏನು ಮಾಡಬೇಕು?

ಫೆಬ್ರವರಿ ೧೪

ಹಿಮ. ಕೆಲಸ. ಯಾರೂ ಬರಲಿಲ್ಲ. ಬಂದರೂ ಈಗೀಗ ಜನರು ತುಟಿ ಬಿಚ್ಚದೆ ಮಾತಾಡುವ ಚಟ ಕಲಿತಿದ್ದಾರೆ. ಮುಖ ನೇರ ಇಟ್ಟು ಮಾತಾಡುವ ಮರ್ಯಾದೆ ಯಾರಿಗೂ ಇಲ್ಲ.

ಫೆಬ್ರವರಿ ೨೨, ಗುರುವಾರ

ಸಿಕ್ಕಿಬಿದ್ದರು!

ಅಭ್ಯಾಸಕ್ಕೆ ಬೇಗ ಹೋಗಿದ್ದೆ. ಪಿಯಾನೋದ ಬೆಂಚಿನ ಮುಚ್ಚಳ ಎತ್ತಿದೆ, ಹಾಡಿನ ಹಾಳೆ ಬೇಕಿತ್ತು ಎಂದಿಟ್ಟುಕೊಳ್ಳೋಣ. ಒಳಗೆ ಕೇಳುಗರ ಕಾರ್ಡುಗಳು. ಹಾಸಿಗೆ ಹಿಡಿದವರು, ಮನೆಯಿಂದ ಹೊರಗೆ ಬರಲಾರದವರು ನಮಗೆ ಬರೆಯುತ್ತಾರೆ. ಆ ಕಾರ್ಡುಗಳನ್ನೆಲ್ಲಾ ನನ್ನ ಕೈಗೆ ಕೊಡುವುದು ವಾಡಿಕೆ. ಇವು ಏಳು, ರಬ್ಬರ್ ಹಾಕಿ ಕೆಳಗೆ ಅಡಗಿಸಿದ್ದವು. ಒಂದನ್ನು ಇಲ್ಲಿ ಇಳಿಸಿಕೊಂಡಿದ್ದೇನೆ:

'ಸಿಸ್ಟರ್ ಸ್ಟೋಕ್ಸ್ ಹಾಡಿದರೆ ಮೊದಲು ನನ್ನ ತಲೆ ಸವರಿದ ಹಾಗೆ ಆಗುತ್ತಿತ್ತು. ಈಗ ಬೈದ ಹಾಗಿದೆ. ನಮ್ಮ ಮೇಲೆ ಅವರಿಗೆ ಸಿಟ್ಟೇ?'

ಅಕ್ಷರಗಳು ಎಡಕ್ಕೆ ವಾಲಿವೆ. ಬಲಗೈಯವರು ಎಡಗೈಯಲ್ಲಿ ಬರೆದರೆ ಹೀಗೆಯೇ ಆಗುವುದು. ಒಡೆಸ್ಸಾ ಬಲಗೈಯವಳು. ಇನ್ನೇನು ಬೇಕು?

ಅವಳು ಬಂದ ಕೂಡಲೇ ಕಾರ್ಡನ್ನು ಮೂಗಿನ ಮುಂದೆ ಹಿಡಿದೆ. "ಇದನ್ನ ಬರೆಯೋಕೆ ಎಷ್ಟು ಹೊತ್ತು ಬೇಕಾಯ್ತು?"

"ನಾನು ಬರೆದಿದ್ದಲ್ಲ, ಸಿಸ್ಟರ್ ಅರ್ಡೀಲಿಯಾ."

"ಹಾಗಾದ್ರೆ ಬಚ್ಚಿಟ್ಟಿದ್ದು ಯಾಕೆ?"

"ನಿಮಗೆ ನೋವಾಗತ್ತೆ ಅಂತ..." ಆಮೇಲೆ ಏನೋ ಗೊಣಗಿದಳು, ಕಣ್ಣು ಒದ್ದೆ ಮಾಡಿಕೊಂಡಳು. ಬೇಕಾದಾಗ ಕಣ್ಣೀರು ತರುವ ವಿದ್ಯೆ ಎಲ್ಲರಿಗೂ ಬರುವುದಿಲ್ಲ.

ತಲೆ ಸವರಿದ ಹಾಗೆ, ಎಂದು ಬರೆದಿದ್ದಾರೆ. ಅದೊಂದು ಮಾತು ಮಾತ್ರ ಹೋಗುತ್ತಿಲ್ಲ.

ಮಾರ್ಚ್ ೧೧, ಭಾನುವಾರ

ಪಾದ್ರಿ ಹಾರ್ಗ್ರೋವ್ ಅವರ ಕೋಣೆಗೆ ಹೋಗಿ ಈ ಪುಸ್ತಕವನ್ನು ಮೇಜಿನ ಮೇಲೆ ಇಟ್ಟೆ. ಗೆರೆಯ ಅಳತೆ, ತಟ್ಟೆ, ಕಾರ್ಡು, ಮೊಣಕೈ, ಎಲ್ಲಾ ಹೇಳಿದೆ. ಅವರದು ಗುಡುಗಿನಂಥ ದನಿ, ಅವರೊಬ್ಬರು ಹೇಳಿದ್ದು ಇನ್ನೂ ನೆಟ್ಟಗೆ ತಿಳಿಯುತ್ತದೆ. ಅವರು ಪುಸ್ತಕ ತೆರೆಯಲಿಲ್ಲ.

"ಸಿಸ್ಟರ್ ಸ್ಟೋಕ್ಸ್, ನಿಮಗೇನು ಬೇಕು ಹೇಳಿ."

"ಈಸ್ಟರ್ ಹಾಡು ನಂದೇ ಅಂತ ಎಲ್ಲರ ಎದುರು ಹೇಳಿ. ಮತ್ತೆ ಆ ಹೆಂಗಸನ್ನ ನನ್ನ ಪಕ್ಕದಿಂದ ತೆಗೀರಿ. ಅವಳು ನನ್ನ ಮುಟ್ಟಬಾರದು."

ಅವರು ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು. "ಅವಳನ್ನ ತೆಗೆದ್ರೆ ನಿಮಗೆ ಕಷ್ಟ ಆಗ್ಬಹುದು."

"ಕಷ್ಟ ಆಗ್ತಿರೋದೇ ಅವಳಿಂದ."

"ಮುಂದಿನ ಭಾನುವಾರ, ಈಸ್ಟರಿಗೆ ವಾರ ಮುಂಚೆ, ಗರಿಗಳ ಹಬ್ಬ. ಅವತ್ತು ಅವಳಿಲ್ಲದೆ ನಿಂತು ನೋಡಿ," ಎಂದರು. ಗೆದ್ದೆ! ಮನೆಗೆ ಬಂದು ಜೋಳದ ರೊಟ್ಟಿ ಸುಟ್ಟೆ, ಬೆಣ್ಣೆ ಧಾರಾಳವಾಗಿ ಹಚ್ಚಿಕೊಂಡೆ. ಲೂಟಿಗೆ ಕಾಗದ ಬರೆದೆ: ಹಾಸಿಗೆಯ ಪಕ್ಕಕ್ಕೆ ರೇಡಿಯೋ ಇಡಿಸಿಕೋ, ಅಮ್ಮ ಬರುತ್ತಾಳೆ.

ಮಾರ್ಚ್ ೧೮, ಗರಿಗಳ ಭಾನುವಾರ

ಬರೆಯಬೇಕು. ತಾರೀಖು ಸಮೇತ ಬರೆಯುತ್ತೇನೆ ಎಂದು ನಾನೇ ಹೇಳಿದ್ದೇನಲ್ಲ.

ಒಡೆಸ್ಸಾಳನ್ನು ಆ ತುದಿಗೆ ನಿಲ್ಲಿಸಿದ್ದರು, ನನ್ನಿಂದ ಹತ್ತು ಹೆಜ್ಜೆ. ನನ್ನ ಎರಡೂ ಪಕ್ಕ ಖಾಲಿ. ಎಷ್ಟು ಹಗುರ ಅನ್ನಿಸಿತು! ಕೆಂಪು ದೀಪ ಹತ್ತಿತು. ಈಸ್ಟರಿಗೆ ಮುಂಚೆ ಒಮ್ಮೆ ನೇರ ಪ್ರಸಾರದಲ್ಲಿ ಹಾಡಿ ನೋಡೋಣ ಎಂದು ಕಲ್ಲಿನ ಹಾಡನ್ನೇ ಇಟ್ಟಿದ್ದರು. ಕ್ಲಿಯೋಫಸ್ ಶುರು ಮಾಡಿದ. ನಲವತ್ತು ಬಾಯಿ ಮುಚ್ಚಿದವು.

ನಾನು ಕಾದೆ. ಏನೂ ಇಲ್ಲ. ಕಾದೆ. ಎಷ್ಟು ಕಾಯಬೇಕು? ಎರಡು ಸುತ್ತು ಆಗಿರಲೇಬೇಕು ಎಂದುಕೊಂಡು ಬಾಯಿ ತೆರೆದೆ.

ಮೊದಲ ಸಾಲು ಮುಗಿಸುವ ಹೊತ್ತಿಗೆ ಆ ತುದಿಯಲ್ಲಿ ಒಡೆಸ್ಸಾ ಕಂಡಳು. ಅವಳ ಎರಡೂ ಕಣ್ಣು ನನ್ನ ಮೇಲೆ. ಅವಳ ಬಲ ಮೊಣಕೈ ಎದ್ದು, ಪಕ್ಕದಲ್ಲಿ ಯಾರೂ ಇಲ್ಲದ ಗಾಳಿಯನ್ನು ತಿವಿಯಿತು. ಆಗ. ಅಂದರೆ ನಾನು ಹಾಡಲು ಶುರು ಮಾಡಬೇಕಾಗಿದ್ದುದು ಆಗ. ನಾನು ಆಗಲೇ ಒಂದು ಸಾಲು ಮುಂದೆ ಹೋಗಿಬಿಟ್ಟಿದ್ದೆ.

ಕ್ಲಿಯೋಫಸನ ಕೈಗಳನ್ನು ನೋಡಿದೆ. ಹತ್ತೊಂಬತ್ತು ವರ್ಷದಿಂದ ಈ ಹಾಡಿಗೆ ಅವನ ಕೈ ಪಿಯಾನೋದ ಬಿಳಿಯ ಪಟ್ಟಿಗಳ ಮೇಲೆ ಓಡಾಡುವುದನ್ನು ನೋಡಿದ್ದೇನೆ, ನಿದ್ದೆಯಲ್ಲೂ ಹೇಳಬಲ್ಲೆ. ಆ ಕೈಗಳು ಗಕ್ಕನೆ ನಿಂತವು. ಅವನ ತಲೆ ಬಾಗಿತು, ಕಿವಿಯನ್ನು ನನ್ನ ಕಡೆ ಹಿಡಿದ. ಬೆರಳುಗಳು ಒಂದೆರಡು ಕಡೆ ತಡಕಿ, ಕಪ್ಪು ಪಟ್ಟಿಗಳ ಮೇಲೆ ಹೋಗಿ ಕೂತವು. ಅವನು ಶ್ರುತಿ ಬದಲಾಯಿಸಿದ. ಎಡಗೈ ಎತ್ತಿ ಗುಂಪಿಗೆ ಸನ್ನೆ ಮಾಡಿದ. ನಲವತ್ತು ಬಾಯಿಗಳು ಒಂದು ಕ್ಷಣ ತೆರೆದೇ ಇದ್ದವು, ಆಮೇಲೆ ಒಟ್ಟಿಗೆ ಚಲಿಸಿದವು. ನಾನು ತಪ್ಪಿ ಎಲ್ಲಿಗೆ ಹೋಗಿದ್ದೆನೋ ಅಲ್ಲಿಗೇ ಎಲ್ಲರೂ ಎದ್ದು ಬಂದರು. ಕೇಳುವವರಿಗೆ ತಿಳಿಯದಿರಲಿ ಎಂದು, ನಾನೇ ಸರಿ ಎನ್ನುವ ಹಾಗೆ.

ನನಗೆ ಅದರಲ್ಲಿ ಒಂದು ಸ್ವರವೂ ಕೇಳಿಸಲಿಲ್ಲ.

ಕೊನೆಯವರೆಗೂ ಹಾಡಿದೆ. ಕೆಂಪು ದೀಪ ಆರಿತು. ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ, ನಿಲುವಂಗಿಯಲ್ಲೇ, ಟ್ರಾಮಿನಲ್ಲಿ.

ಮಾರ್ಚ್ ೧೯

ಕೆಟಲು ಒಲೆಯ ಮೇಲಿಟ್ಟು ಮುಂದೆ ಕೂತೆ. ಬಾಯಿಯಿಂದ ಆವಿ ಬಂತು. ಸೀಟಿಯ ಮೇಲೆ ಬೆರಳು ಇಟ್ಟೆ, ಸುಟ್ಟಿತು. ಬೆರಳಿನ ಕೆಳಗೆ ಅದು ಗಡಗಡ ನಡುಗುತ್ತಿತ್ತು. ಸೀಟಿ ಸತ್ತಿಲ್ಲ.

ಮಾರ್ಚ್ ೨೦, ಮಂಗಳವಾರ

ಒಡೆಸ್ಸಾ ಬಂದಿದ್ದಳು. ಬಾಗಿಲು ಎಷ್ಟು ಹೊತ್ತು ಬಡಿದಳೋ, ಕೊನೆಗೆ ಮಿಸೆಸ್ ಮೇಬ್ರಿಯ ಹತ್ತಿರ ಇದ್ದ ಬೀಗದ ಕೈ ತಂದು ಒಳಗೆ ಬಂದಳು. ಕೈಯಲ್ಲಿ ಸೊಪ್ಪಿನ ಪಲ್ಯದ ಪಾತ್ರೆ, ಹಂದಿಮಾಂಸದ ತುಂಡು ಹಾಕಿದ್ದು. ನನ್ನ ಎದುರು ಕುರ್ಚಿ ಎಳೆದು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತು, ಗಟ್ಟಿಯಾಗಿ, ನಿಧಾನವಾಗಿ ಮಾತಾಡಿದಳು. ಹೀಗೆ ಮಾತಾಡಿದರೆ ತಿಳಿಯುತ್ತದೆ.

"ಯಾವಾಗ್ಲಿಂದ?" ಎಂದು ಕೇಳಿದೆ.

"ನಮಗೆ ಗೊತ್ತಾಗಿದ್ದು ಹೋದ ಈಸ್ಟರಲ್ಲಿ. ಅವತ್ತು ನೀವು ಎತ್ತಿಕೊಳ್ಳೋದು ತಡ ಆಯ್ತು. ನಾನು ಹೆದರಿ ತಿವಿದೆ. ಆಮೇಲೆ ಪ್ರತಿ ಸಲ ತಿವಿದೆ."

"ಒಂದು ವರ್ಷ!"

"ನನ್ನ ಮೊಣಕೈ ನೋಡಿ, ಗಟ್ಟಿಯಾಗೋಗಿದೆ," ಎಂದು ತೋರಿಸಿದಳು. ನನಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ.

"ಮೈ ಮೇಲೆ ಬಿದ್ದು ನಿಲ್ತಿದ್ದೆಯಲ್ಲ, ಅದು?"

"ತೋಳು ಒತ್ತಿ ಗುನುಗಿದ್ರೆ ನಿಮ್ಮ ಶ್ರುತಿ ಸರಿಯಾಗಿ ಕೂರತ್ತೆ. ಅದು ಹೇಗೆ ಅಂತ ಬ್ರದರ್ ಯಾನ್ಸಿಗೂ ಗೊತ್ತಿಲ್ಲ. ಆದ್ರೆ ಕೂರತ್ತೆ."

"ನಂಗೆ ಯಾಕೆ ಹೇಳ್ಲಿಲ್ಲ? ನಲವತ್ತು ಜನ ಇದ್ದೀರಿ, ಒಬ್ಬರಿಗೂ ಬಾಯಿ ಇರಲಿಲ್ವಾ?"

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ. ನೀವು ನಿಲ್ಲಿಸಿದ್ರೆ ಮುಂದೆ ಯಾರು ನಿಲ್ಲೋದು? ನಾನು. ಮೈಕು ಅಂದ್ರೆ ನಂಗೆ ಪ್ರಾಣ ಹೋಗತ್ತೆ, ಸಿಸ್ಟರ್ ಅರ್ಡೀಲಿಯಾ. ಆ ಕೆಂಪು ದೀಪ ನೋಡಿದ್ರೆ ಗಂಟಲು ಕಟ್ಟಿಕೊಳ್ಳತ್ತೆ. ನಿಮ್ಮ ಹಿಂದೆ ಅಡಗಿಕೊಂಡು ಹಾಡೋಕೆ ಆಗತ್ತೆ ಅಂತಲೇ ನಾನು ಈ ಕ್ವಾಯರಲ್ಲಿ ಇರೋದು."

ನಾನು ಮೂರು ತಿಂಗಳು ಕಾವಲು ಕಾದ ಕಳ್ಳಿ ಇವಳು. ಕದಿಯಲು ಬಂದವಳಲ್ಲ, ಅಡಗಿಕೊಳ್ಳಲು ಬಂದವಳು. ಈ ಪುಸ್ತಕದ ಮೊದಲ ಹಾಳೆಗಳನ್ನು ಹರಿದು ಒಲೆಗೆ ಹಾಕೋಣ ಎಂದುಕೊಂಡೆ. ಹಾಕಲಿಲ್ಲ. ಇರಲಿ, ನನ್ನ ನಾಚಿಕೆಗೆ ಇರಲಿ.

ಅವಳು ಹೊರಟಾಗ ಕೇಳಿದೆ: "ಆ ಕಾರ್ಡು ನಿಜವಾಗ್ಲೂ ನಿಂದಲ್ವಾ?"

"ಅಯ್ಯೋ, ಇನ್ನೂ ಅನುಮಾನವಾ?" ಎಂದಳು. ಅವಳು ನಕ್ಕಿದ್ದು ಹೊಟ್ಟೆ ಕುಲುಕಿದ್ದರಿಂದ ತಿಳಿಯಿತು.

ಮಾರ್ಚ್ ೨೨, ಗುರುವಾರ

ಅಭ್ಯಾಸದಲ್ಲಿ ನಾನೇ ಎದ್ದು ನಿಂತು ಹೇಳಿದೆ. ಬೇರೆಯವರು ಹೇಳಿದರೆ ಪಾಪ ಎನ್ನುತ್ತಾರೆ, ನಾನು ಹೇಳಿದರೆ ತೀರ್ಮಾನ ಆಗುತ್ತದೆ. "ಈಸ್ಟರಿಗೆ ಒಡೆಸ್ಸಾ ಎತ್ತಿಕೊಳ್ತಾಳೆ. ನಾನು ಪಕ್ಕದಲ್ಲಿರ್ತೀನಿ. ಬಾಯಿ ತೆಗೆಯಲ್ಲ."

ಒಡೆಸ್ಸಾ ಬಿಳಿಚಿಕೊಂಡು, ಆಗಲ್ಲ ಆಗಲ್ಲ ಎಂದು ಕೈ ಆಡಿಸಿದಳು. "ಕಲಿಸಿದವಳು ಹೇಳ್ತಿದ್ದೀನಿ, ಬಾಯಿ ಮುಚ್ಚು," ಎಂದೆ. ಕ್ಲಿಯೋಫಸ್ ಪಿಯಾನೋದ ಮೇಲೆ ತಲೆ ಇಟ್ಟುಬಿಟ್ಟ. ಅವನೂ ಪಾಪ, ವರ್ಷವಿಡೀ ಮೂರು ಮೂರು ಸಲ ಫೋನು ಮಾಡಿದ್ದಾನೆ.

ಮನೆಗೆ ಬಂದು ಲೂಟಿಗೆ ಬರೆದೆ. ಹಾಡುವವಳು ನಾನಲ್ಲ, ನಾನು ಕಲಿಸಿದ ಹುಡುಗಿ ಎಂದು. ಆ ಒಂದು ಸಾಲಿಗೆ ನಾಲ್ಕು ಹಾಳೆ ಹಾಳಾದವು. ಇಪ್ಪತ್ತೆಂಟು ವರ್ಷ ಕಾದಿದ್ದಾಳೆ ಅವಳು. ನಾನೂ ಕಾದಿದ್ದೇನೆ. ಹೊಟ್ಟೆ ಉರಿಯುತ್ತಿದೆ, ಸುಳ್ಳು ಯಾಕೆ ಹೇಳಲಿ.

ಮಾರ್ಚ್ ೨೫, ಈಸ್ಟರ್

ಡೌಡ್ ಗೆರೆ ಎಳೆಯುವಾಗ ಟೇಪು ಹಿಡಿದುಕೊಂಡು ಅವನ ಪಕ್ಕದಲ್ಲೇ ನಿಂತಿದ್ದೆ. ಇಪ್ಪತ್ತೆರಡು ಅಂಗುಲ, ಒಂದು ನೂಲೂ ಹೆಚ್ಚಿಲ್ಲ. ಅದರ ಮೇಲೆ ಒಡೆಸ್ಸಾಳನ್ನು ನಿಲ್ಲಿಸಿದೆ. ನಾನು ಅವಳ ಎಡಗಡೆ, ಅವಳು ನಿಲ್ಲುತ್ತಿದ್ದ ಜಾಗದಲ್ಲಿ.

ಕೆಂಪು ದೀಪ ಹತ್ತಿತು. ಕ್ಲಿಯೋಫಸನ ಕೈ ಬಿಳಿಯ ಪಟ್ಟಿಗಳ ಮೇಲೆ ಹೊರಟಿತು. ಬಾಯಿಗಳು ಮುಚ್ಚಿದವು. ಗುನುಗುತ್ತಿದ್ದಾರೆ. ಸೋಮಾರಿಗಳೆಂದು ಬೈದೆನಲ್ಲ, ಎದೆಗಳು ಎಷ್ಟು ಉಬ್ಬುತ್ತಿದ್ದವು! ಕ್ಲಿಯೋಫಸನ ಬಲ ಭುಜ ಏರಿಳಿಯುವುದನ್ನು ನೋಡಿ ಎಣಿಸಿದೆ. ಮೊದಲ ಸುತ್ತು ಮುಗಿಯಿತು. ಎರಡನೆಯದು. ಹಿಂದಿನ ಸಾಲಿನ ಗಂಡಸರು ಉಸಿರು ತೆಗೆದುಕೊಂಡರು. ಆ ಉಸಿರಿನ ಮೇಲೆಯೇ ಎತ್ತಿಕೊಳ್ಳಬೇಕು, ಈಗಲೇ.

ಒಡೆಸ್ಸಾಳ ತುಟಿ ಬಿಗಿದೇ ಇತ್ತು. ಕಣ್ಣು ಮೈಕಿನ ಮೇಲೆ ನೆಟ್ಟು ಕಲ್ಲಾಗಿಬಿಟ್ಟಿದ್ದಳು. ಮೇಕನ್ನಿನಲ್ಲಿ ಹಾಸಿಗೆಯ ಪಕ್ಕ ಒಂದು ರೇಡಿಯೋ, ಅದರಿಂದ ಏನೂ ಬರುತ್ತಿಲ್ಲ. ಅದು ನನ್ನ ಕಣ್ಣಿಗೆ ಕಂಡೇಬಿಟ್ಟಿತು.

ತಿವಿದೆ. ವರ್ಷವಿಡೀ ನನಗೆ ಕೊಟ್ಟಿದ್ದನ್ನೆಲ್ಲಾ ಸೇರಿಸಿ ಒಂದೇ ಸಲಕ್ಕೆ ತಿವಿದೆ. ನಾಳೆ ಅವಳ ಪಕ್ಕೆ ನೀಲಿಯಾಗುವುದು ಖಂಡಿತ.

ಬಾಯಿ ತೆರೆದಳು. ಗಂಟಲಿನ ನರ ಎದ್ದಿತು. ನಾನು ಸರಿದು ಅವಳ ತೋಳಿಗೆ ತೋಳು ಒತ್ತಿದೆ, ಬಸ್ಸಿನಲ್ಲಿ ಜಾಗ ಹಿಡಿಯುವವರ ಹಾಗೆ. ಬಂತು. ಮೊದಲು ತೋಳಿಗೆ, ಆಮೇಲೆ ಭುಜದ ಮೂಳೆಗೆ, ಅಲ್ಲಿಂದ ದವಡೆಗೆ. ನಮ್ಮಮ್ಮನ ಹಾಡು. ಹೋದ ವರ್ಷವೆಲ್ಲಾ ನಾನು ಅದನ್ನು ನೆನಪಿನಿಂದ ಹಾಡುತ್ತಿದ್ದೆ, ಕೇಳಿರಲೇ ಇಲ್ಲ. ಇವತ್ತು ಕೇಳಿದೆ. ಹನ್ನೊಂದು ಊರಿನ ಎದುರು ನಿಂತು ಮೂಗು ಒರೆಸಿಕೊಳ್ಳಲೂ ಆಗದೆ ಅತ್ತೆ.

ಮುಗಿದ ಮೇಲೆ ಎಲ್ಲರೂ ಅವಳನ್ನು ಮುತ್ತಿಕೊಂಡರು. ಪಾದ್ರಿಗಳು ಅವಳ ತಲೆಯ ಮೇಲೆ ಕೈ ಇಟ್ಟರು. ಕ್ಲಿಯೋಫಸ್ ನನ್ನ ಹತ್ತಿರ ಬಂದು ಮುಖಕ್ಕೆ ಮುಖ ಇಟ್ಟು, "ಒಂದು ತಪ್ಪೂ ಇಲ್ಲ!" ಎಂದು ಕೂಗಿದ.

ಅವನಿಗೆ ಏನು ಗೊತ್ತು. ಮೂರನೆಯ ಸಾಲಿನಲ್ಲಿ ಅವಳು ಎಳೆದಳು, ಅಮ್ಮ ಅಲ್ಲಿ ಎಳೆಯುತ್ತಿರಲಿಲ್ಲ. ಗುರುವಾರ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಬೇಕು.